ಕಲೆಯಿಲ್ಲದ ಕಡೆಯ ದಾರ

ಅವಳ ಕೆಲಸ ಟೈಲ್ ತೊಳೆಯೋದು ಅಂತ ಹಾಜರಿ ಪುಸ್ತಕದಲ್ಲಿ ಬರೆದಿತ್ತು. ಹಸಿ ಸುಳ್ಳು.

ಪೊಲೀಸರು ಕಳಿಸುವ ರಕ್ತದ ಬಟ್ಟೆ, ಚಾಕು, ಚಪ್ಪಲಿಗಳನ್ನು ಪರೀಕ್ಷೆ ಮಾಡುವ ಸರ್ಕಾರಿ ಪ್ರಯೋಗಾಲಯ ಅದು. ಎರಡನೇ ಮಹಡಿಯ ಕೊನೇ ಕೋಣೆ ರಕ್ತ ವಿಭಾಗ. ಅಲ್ಲಿ ಬಿಳೀ ಟೈಲುಗಳಿದ್ದವು, ಒಂದೊಂದರ ಮೇಲೂ ಸಾಲಾಗಿ ಸಣ್ಣ ಗುಳಿಗಳು. ಬಟ್ಟೆಯ ಕಲೆಯಿಂದ ಒಂದೊಂದೇ ದಾರ ಕಿತ್ತು ಗುಳಿಯಲ್ಲಿಟ್ಟು, ಔಷಧ ಬಿಟ್ಟು, ಆ ರಕ್ತ ಯಾವ ಗುಂಪಿನದು ಅಂತ ಕಂಡುಹಿಡಿಯಬೇಕು. ಎಲ್ಲ ಮುಗಿದ ಮೇಲೆ ಟೈಲ್ ತೊಳೆದಿಡೋಕೆ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಟೈಲಕ್ಕ ಅಂತ ಕರೀತಿದ್ದರು. ಇಪ್ಪತ್ತೆರಡು ವರ್ಷದಿಂದ ಗುತ್ತಿಗೆ ಮೇಲೇ ಇದ್ದಳು.

ತೊಳೆಯೋಕೆ ಬಂದವಳಿಗೆ ಮೊದಲನೇ ವರ್ಷ ಪೊಟ್ಟಣ ಬಿಚ್ಚು ಅಂದರು. ಹಳೇ ರಕ್ತದ ವಾಸನೆ ಸಾಹೇಬರುಗಳಿಗೆ ಆಗೋದಿಲ್ಲ, ನೋಡಿ. ಎರಡನೇ ವರ್ಷ ದಾರ ಕಿತ್ತುಕೊಡು ಅಂದರು. ಮೂರನೇ ವರ್ಷ ಔಷಧವನ್ನೂ ನೀನೇ ಬಿಡು ಅಂದರು. ಐದನೇ ವರ್ಷಕ್ಕೆ ಇಡೀ ಕೆಲಸ ಅವಳ ಕೈಗೆ ಬಂದಿತ್ತು. ಸಾಹೇಬ್ರು ಬಾಗಿಲಿಂದ ತಲೆ ಹಾಕಿ "ಏನು ಬಂತು?" ಅನ್ನೋರು. "ಓ ಬಂತು ಸಾರ್" ಅನ್ನೋಳು ಇವಳು. ಅವರು ಹೋಗಿ ಬರೆದು ಸಹಿ ಹಾಕೋರು. ಪರೀಕ್ಷೆಯ ಪುಸ್ತಕದಲ್ಲಿ 'ಪರೀಕ್ಷೆ ಮಾಡಿದವರು' ಅನ್ನೋ ಕಡೆ ಅವರದೇ ಹೆಸರು. ಸಾಹೇಬರು ನಾಲ್ಕು ಜನ ಬದಲಾದರು. ಕೈ ಮಾತ್ರ ಒಂದೇ ಇತ್ತು.

ಕೋಣೆಯಲ್ಲಿ ಮೂರು ಎತ್ತರದ ಸ್ಟೂಲುಗಳಿದ್ದವು. ಅವು ಸಿಬ್ಬಂದಿಗೆ. ಅವಳು ಸಿಬ್ಬಂದಿಯಲ್ಲ, ಅದಕ್ಕೇ ಕೂರುವ ಹಾಗಿಲ್ಲ. ಯಾರೂ ಕೂರದೆ ಅವುಗಳ ಮೇಲೆ ಧೂಳು ಕೂತಿರುತ್ತಿತ್ತು. ಆ ಧೂಳು ಒರೆಸೋದೂ ಅವಳೇ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಿಂತೇ ಇರಬೇಕು. ಮೀನಖಂಡದ ನರ ಹಗ್ಗದ ಹಾಗೆ ಎದ್ದಿತ್ತು. ತಣ್ಣನೆ ಉಪ್ಪುನೀರಲ್ಲಿ ದಾರ ತೊಳೆದು ತೊಳೆದು ಬೆರಳ ತುದಿ ಸೀಳಿತ್ತು.

ಸಿಬ್ಬಂದಿಗೆಲ್ಲ ಕತ್ತಿಗೆ ಹಾಕಿಕೊಳ್ಳುವ ಕಾರ್ಡು ಕೊಟ್ಟಿದ್ದರು. ಫೋಟೋ, ಹುದ್ದೆ, ಕೆಳಗೆ ಕೆಂಪಕ್ಷರದಲ್ಲಿ ಅವರವರ ರಕ್ತದ ಗುಂಪು. ಇವಳಿಗೆ ಕಾರ್ಡಿಲ್ಲ. ಕುಡಿಯೋ ನೀರಿನ ಡಬ್ಬದ ಪಕ್ಕ ಗಾಜಿನ ಲೋಟಗಳಿದ್ದವು. ಈಗಿನ ಸಾಹೇಬ್ರು ಬಂದ ಹೊಸದರಲ್ಲಿ ಅವಳು ಒಂದು ಲೋಟಕ್ಕೆ ಕೈ ಹಾಕಿದ್ದಳು. "ಅದನ್ನ ಎಂಜಲು ಮಾಡ್ಬೇಡ. ಹೆಣದ ಬಟ್ಟೆ ಮುಟ್ಟೋ ಕೈ ನಿಂದು" ಅಂದರು, ನಾಲ್ಕು ಜನರ ಮುಂದೆ. ಅವತ್ತಿಂದ ಅವಳ ಸ್ಟೀಲ್ ಲೋಟ ಶೌಚಾಲಯದ ಕಿಟಕಿಗೆ ಹೋಯಿತು. ಆ ಕೈ ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕೋಕೆ ಮಾತ್ರ ಆ ಮನುಷ್ಯನಿಗೆ ಯಾವ ಅಸಹ್ಯವೂ ಆಗಲಿಲ್ಲ.

ಅವಳಿಗೆ ವಿದ್ಯೆ ಕೊಟ್ಟಿದ್ದು ಮೊದಲಿದ್ದ ಮುದುಕಿ ಮೇಡಂ. ಕಟ್ಟುನಿಟ್ಟಿನ ಹೆಂಗಸು, ಆದರೆ ಕಲಿಸುವಾಗ ಕೈ ಹಿಡಿದು ಕಲಿಸಿದ್ದಳು. ರಕ್ತದಲ್ಲಿರೋ ಗುಂಪು ಬಹಳ ಜನಕ್ಕೆ ಬೆವರಲ್ಲೂ ಇಳಿಯುತ್ತೆ, ಎಂಜಲಲ್ಲಂತೂ ಸುರಿಯುತ್ತೆ ಅಂತ ಹೇಳಿಕೊಟ್ಟವಳು ಅವಳೇ. ಅದಕ್ಕೇ ಎರಡು ಕಟ್ಟಳೆ ಹಾಕಿದ್ದಳು. ಕಲೆಯಿಂದ ಒಂದು ದಾರ ಕಿತ್ತರೆ, ಅದೇ ಬಟ್ಟೆಯ ಕಲೆಯಿಲ್ಲದ ಕಡೆಯಿಂದಲೂ ಒಂದು ದಾರ ಕೀಳಬೇಕು. ಎರಡರಲ್ಲೂ ಒಂದೇ ಗುಂಪು ಬಂದರೆ ಅದು ಕಲೆಯ ಮಾತಲ್ಲ, ಬಟ್ಟೆಯ ಮಾತು. ಎರಡನೆಯದು, ಈ ಕೋಣೆಯಲ್ಲಿ ಯಾರ ನಾಲಿಗೆಯೂ ಹೊರಗೆ ಬರಬಾರದು. ಈಗಿನ ಸಾಹೇಬರಿಗೆ ಮಾತುಮಾತಿಗೂ ಬೆರಳು ನೆಕ್ಕಿ ಪುಟ ತಿರುವೋ ಚಾಳಿ. ಅವರು ಒಳಗೆ ಬಂದರೆ ಟೈಲಕ್ಕ ಸೆರಗಲ್ಲಿ ಟೈಲ್ ಮುಚ್ಚೋಳು. ಅವರಿಗೆ ಅದು ಯಾಕೆ ಅಂತಲೂ ಗೊತ್ತಿರಲಿಲ್ಲ.

ಆ ಅಂಗಿ ಬಂದಿದ್ದು ಒಂದು ಸೋಮವಾರ.

ಅರಗು ಒಡೆದು ಪೊಟ್ಟಣ ಬಿಚ್ಚಿದಳು. ಜೊತೆಗಿದ್ದ ಕಾಗದ ಓದಿದಳು. ಮಾಂಸದ ಸಗಟು ಅಂಗಡಿಯ ಯಜಮಾನನನ್ನು ಅವನ ಅಂಗಡಿ ಬಾಗಿಲಲ್ಲೇ ಯಾರೋ ಎದೆಗೆ ಇರಿದು ಕೊಂದಿದ್ದರು. ಪೊಲೀಸರು ಹಿಡಿದಿದ್ದು ಅಲ್ಲಿನ ಒಬ್ಬ ಹೊರೋ ಆಳನ್ನು. ಸುಲಿದ ಕುರಿಗಳನ್ನು ಲಾರಿಯಿಂದ ಅಂಗಡಿಗೆ ಹೆಗಲ ಮೇಲೆ ಹೊರೋನು. ಹಿಂದಿನ ದಿನ ಅವನು ಯಜಮಾನನಿಗೆ ಎದುರು ಮಾತಾಡಿದ್ದ. ಹೊರೋರೂ ಅಂಗಡಿ ಒಳಗಿನ ನಲ್ಲಿಯಲ್ಲೇ ನೀರು ಕುಡೀತೀವಿ ಅಂದಿದ್ದನಂತೆ. ಅಷ್ಟೇ ಸಾಕಾಯಿತು. ಅಂಗಿ ಮೇಲೆ ರಕ್ತವೂ ಸಿಕ್ಕಿತು. ಸತ್ತವನ ಗುಂಪು ಬಿ. ಅಂಗಿ ಮೇಲಿನ ಕಲೆಯೂ ಬಿ ಅಂತ ಬಂದುಬಿಟ್ಟರೆ ಜೀವ ಇರೋ ತನಕ ಜೈಲು.

ಟೈಲಕ್ಕ ಅಂಗಿಯನ್ನು ಮೇಜಿನ ಮೇಲೆ ಹರವಿದಳು. ಬಲ ಹೆಗಲು ಮತ್ತು ಬೆನ್ನಿನ ಮೇಲ್ಭಾಗ ಕಪ್ಪಗೆ, ಹಪ್ಪಳದ ಹಾಗೆ ಗರಿಗರಿಯಾಗಿತ್ತು. ತಿರುಗಿಸಿದಳು. ಎದೆಯ ಕಡೆ ಒಂದು ಹನಿ ಇಲ್ಲ. ತೋಳಿನ ತುದಿಯಲ್ಲಿ ಇಲ್ಲ. ಇರಿದಾಗ ಸಿಡಿಯೋ ರಕ್ತ ಸಣ್ಣ ಸಣ್ಣ ಚುಕ್ಕೆಯಾಗಿ, ಬಾಲ ಬಿಟ್ಟುಕೊಂಡು ಬೀಳುತ್ತೆ. ಅಂಥದ್ದನ್ನು ಅವಳು ಸಾವಿರ ನೋಡಿದ್ದಳು. ಇಲ್ಲಿ ಒಂದೇ ಒಂದು ಚುಕ್ಕೆ ಇರಲಿಲ್ಲ. ಇದು ಹೆಗಲ ಮೇಲೆ ಏನೋ ಭಾರ ಕೂತು, ಹಿಂಡಿ, ಒಳಕ್ಕೆ ಇಳಿದ ಕಲೆ. ಬೆನ್ನು ತಿರುಗಿಸಿಕೊಂಡು ಯಾರಾದರೂ ಎದೆಗೆ ಇರಿಯುತ್ತಾರಾ ಅಂತ ಅವಳಿಗೆ ಅಲ್ಲೇ ಅನ್ನಿಸಿತು.

ಇನ್ನೂ ಒಂದಿತ್ತು. ಇಡೀ ಅಂಗಿ ಬೆವರಲ್ಲಿ ನೆಂದು ಒಣಗಿ, ಮತ್ತೆ ನೆಂದು ಒಣಗಿತ್ತು. ಕಂಕುಳಲ್ಲಿ, ಕಾಲರಲ್ಲಿ, ಬೆನ್ನಲ್ಲಿ ಉಪ್ಪಿನ ಬಿಳೀ ಗೆರೆಗಳು. ಅವಳ ರವಿಕೆಯಲ್ಲೂ ಅಂಥವೇ ಇದ್ದವು.

ಕಲೆಯಿಂದ ದಾರ ಕಿತ್ತಳು. ಕಲೆಯಿಲ್ಲದ ಕೆಳ ಅಂಚಿಂದ ಇನ್ನೊಂದು ದಾರ. ನೀಲಿ ಸೀಸೆಯ ಔಷಧ ಎ ಗುಂಪನ್ನು ಹಿಡಿಯೋದಕ್ಕೆ, ಹಳದಿ ಸೀಸೆಯದು ಬಿ ಗುಂಪಿಗೆ. ಬಿಟ್ಟು ಫ್ರಿಜ್ಜಿನಲ್ಲಿಟ್ಟಳು. ಮಾರನೇ ದಿನ ತಣ್ಣನೆ ಉಪ್ಪುನೀರಲ್ಲಿ ಆರು ಸಲ ತೊಳೆದಳು, ಒಂದು ಸಲವೂ ದಾರ ಜಾರದ ಹಾಗೆ. ಹದವಾಗಿ ಬಿಸಿ ಕೊಟ್ಟಳು. ಕೆಂಪು ಕಣಗಳ ಹನಿ ಬಿಟ್ಟು ಟೈಲ್ ಅಲ್ಲಾಡಿಸಿದಳು. ಗುಂಪು ಹೊಂದಿದರೆ ಕಣಗಳು ಹಾಲು ಒಡೆದ ಹಾಗೆ ಗಂಟು ಕಟ್ಟುತ್ತವೆ.

ಕಲೆಯ ದಾರದಲ್ಲಿ ಬಿ ಗಂಟು ಕಟ್ಟಿತು. ಕಲೆಯಿಲ್ಲದ ದಾರದಲ್ಲೂ ಬಿ, ಅಷ್ಟೇ ಗಟ್ಟಿಯಾಗಿ. ಅಂದರೆ ಇದು ಹೊತ್ತವನ ಬೆವರು. ಕಲೆ ಯಾರದು ಅಂತ ಇನ್ನೂ ಗೊತ್ತೇ ಇಲ್ಲ. ಅದು ಮನುಷ್ಯನದೋ ಕುರಿಯದೋ ಅಂತಲೂ ಗೊತ್ತಿಲ್ಲ. ಅದನ್ನು ನೋಡೋ ಔಷಧ ಮುಗಿದು ಮೂರು ತಿಂಗಳಾಗಿತ್ತು, ತರಿಸೋ ಕಾಗದ ಯಾವುದೋ ಮೇಜಿನ ಮೇಲೆ ನಿದ್ದೆ ಹೊಡೀತಿತ್ತು.

ಸಾಹೇಬರ ಬಳಿ ಹೋಗಿ ಒಂದೊಂದಾಗಿ ಹೇಳಿದಳು. ಅವರು ಫೋನಿನಲ್ಲಿದ್ದರು. ಪೊಲೀಸರು ವರದಿ ಬೇಗ ಕೊಡಿ ಅಂತ ತಲೆ ತಿನ್ನುತ್ತಿದ್ದರು. ಫೋನಿಟ್ಟು, "ಕಲೆಯಲ್ಲಿ ಬಿ ಬಂತಲ್ಲ, ಸಾಕು" ಅಂದರು. ಬೆರಳು ನೆಕ್ಕಿ ಪುಟ ತಿರುವಿದರು. 'ಮನುಷ್ಯ ರಕ್ತ, ಬಿ ಗುಂಪು' ಅಂತ ಬರೆದರು. ಕಲೆಯಿಲ್ಲದ ಕಡೆ ಅನ್ನೋ ಜಾಗದಲ್ಲಿ 'ಏನೂ ಬರಲಿಲ್ಲ' ಅಂತ ಗೀಚಿದರು.

"ಬಂದಿದೆ ಸಾರ್," ಅಂದಳು. "ನಾನು ಕಣ್ಣಾರೆ ನೋಡಿದೀನಿ. ಬೇಕಾದ್ರೆ ಬನ್ನಿ, ಟೈಲ್ ಇನ್ನೂ ಹಾಗೇ ಇದೆ."

"ನೀನು ಯಾರು?"

ಅವಳು ಬಾಯಿ ತೆರೆಯೋ ಮೊದಲೇ ಅವರು ಪುಸ್ತಕ ಮುಚ್ಚಿದರು.

"ನೀನು ತೊಳೆಯೋಳು. ಹೋಗು, ತೊಳಿ."

ತೊಳೆದಳು. ಬಿ ಬಂದಿದ್ದ ಆ ಗುಳಿ ಅವಳ ಕೈಯಲ್ಲೇ ಬೆಳ್ಳಗಾಯಿತು. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವತ್ತು ಅವಳಿಗೆ ಅವಳ ಮೇಲೇ ಹೇಸಿಗೆಯಾಯಿತು.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲ ಕಾರಿಕೊಂಡಳು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು. ಸೊಂಟ ಬಿದ್ದುಹೋಗಿತ್ತು, ಬಾಯಿ ಮಾತ್ರ ಗಟ್ಟಿ ಇತ್ತು. ಎಲ್ಲ ಕೇಳಿ, ಸೊಸೆಯ ಕಾಲನ್ನು ತೊಡೆ ಮೇಲೆ ಎಳೆದುಕೊಂಡು ನೀವುತ್ತಾ, ಆ ಸಾಹೇಬನ ಲೆಕ್ಕದಲ್ಲಿ ನಿನ್ನ ರವಿಕೆ ಕೊಟ್ಟರೂ ಒಂದು ಕೊಲೆ ಸಿಗುತ್ತೆ ಬಿಡು ಅಂದಳು. ತಮಾಷೆಗೇ ಅಂದಿದ್ದು. ಟೈಲಕ್ಕನಿಗೆ ನಗು ಬರಲಿಲ್ಲ.

ಮಾರನೇ ದಿನ ತನ್ನ ರವಿಕೆಯ ಕಂಕುಳಿಂದ ಒಂದು ದಾರ ಕಿತ್ತು ಗುಳಿಯಲ್ಲಿಟ್ಟಳು. ಒಂದು ತೊಟ್ಟು ರಕ್ತ ಕಾಣದ ರವಿಕೆ. ಮೂರನೇ ದಿನ ನೋಡಿದರೆ ಬಿ ಗಂಟು ಕಟ್ಟಿ ಕೂತಿತ್ತು. ಸರಿ, ನಾನೂ ಆ ಯಜಮಾನನನ್ನು ಕೊಂದೆ ಅಂದುಕೊಂಡಳು. ಆ ಆಳನ್ನು ಒಳಗೆ ಹಾಕೋದಾದರೆ ನನ್ನನ್ನೂ ಹಾಕಬೇಕು.

ಆಳಿಗೆ ಒಬ್ಬ ತಂಗಿಯಿದ್ದಳು. ಹೆಂಡತಿ ಮಕ್ಕಳಿಲ್ಲ, ಅವಳೊಬ್ಬಳೇ. ಬಟ್ಟೆ ಅಂಗಡಿಯಲ್ಲಿ ಗುಂಡಿ ಹೊಲಿಯೋಳು. ವರದಿ ಹೋದ ಮೇಲೆ ಪ್ರಯೋಗಾಲಯದ ಹಿಂದಿನ ಗೇಟಿಗೆ ಬಂದು ನಿಲ್ಲೋಕೆ ಶುರು ಮಾಡಿದಳು. ಮುಂದಿನ ಗೇಟಲ್ಲಿ ಕಾವಲಿನವನು ಬಿಡುತ್ತಿರಲಿಲ್ಲ. ಟೈಲಕ್ಕ ಕಸ ಸುರಿಯೋಕೆ ಬಂದಾಗಲೆಲ್ಲ ಅವಳು ಅಲ್ಲೇ. ಒಂದು ದಿನ "ಅಕ್ಕಾ, ಕುಡಿಯೋಕೆ ನೀರು ಸಿಗುತ್ತಾ?" ಅಂದಳು. ಟೈಲಕ್ಕ ಶೌಚಾಲಯದ ಕಿಟಕಿಯಿಂದ ತನ್ನ ಲೋಟ ತಂದು ಕೊಟ್ಟಳು. ಅವಳು ಗಟಗಟ ಕುಡಿದು, ನಮ್ಮಣ್ಣ ಕುರಿ ಹೊತ್ತಿದ್ದು ಅಕ್ಕಾ, ದಿನಾ ನಾನೇ ಆ ಅಂಗಿ ಒಗೆಯೋದು, ಅವತ್ತೊಂದು ದಿನ ಒಗೆಯೋಕೆ ಆಗಲಿಲ್ಲ ಅಂತ ಅಳೋಕೆ ಹತ್ತಿದಳು. ಒಗೆದಿದ್ದರೆ ಅಣ್ಣ ಮನೇಲಿರುತ್ತಿದ್ದ, ತಪ್ಪೆಲ್ಲ ನಂದೇ ಅಂತ ಅವಳು ನಂಬಿಬಿಟ್ಟಿದ್ದಳು.

ಟೈಲಕ್ಕ ಆಮೇಲೆ ಸುಮ್ಮನಿರಲಿಲ್ಲ. ದೊಡ್ಡ ಆಫೀಸಿಗೆ ಹೆಸರು ಹಾಕದೆ ಒಂದು ಕಾಗದ ಬರೆದಳು. ಅದು ಸುತ್ತಿ ಬಳಸಿ ಸಾಹೇಬರ ಮೇಜಿಗೇ ಬಂತು, ಅದನ್ನು ಹರಿದು ಹಾಕಿದ ಚೂರನ್ನು ಅವಳೇ ಗುಡಿಸಿದಳು. ಆಳಿನ ಪರವಾಗಿ ಸರ್ಕಾರ ಪುಕ್ಕಟೆ ಕೊಟ್ಟಿದ್ದ ವಕೀಲನ ಹತ್ತಿರ ತಂಗಿಯ ಜೊತೆ ಹೋದಳು. ಮೂರು ಸಲ ಹೋದ ಮೇಲೆ ಆ ಮಹಾರಾಯ ತಲೆಯೆತ್ತಿ ನೋಡಿದ. ನೀವು ಪರೀಕ್ಷೆ ಮಾಡಿದ್ದಕ್ಕೆ ದಾಖಲೆ ಏನಿದೆ ಅಂತ ಕೇಳಿದ. ಇಲ್ಲ ಅಂದಳು. ಪುಸ್ತಕದ ಪ್ರಕಾರ ನೀವು ಯಾರು? ತೊಳೆಯೋಳು. ಹಾಗಾದರೆ ನಿಮ್ಮನ್ನ ಕಟಕಟೆಗೆ ಹತ್ತಿಸಿ ಏನಮ್ಮ ಮಾಡಲಿ ಅಂದ. ಸಾಹೇಬ್ರು ಬರೆದ ಸುಳ್ಳಿಗೆ ಮುದ್ರೆ ಇತ್ತು, ಅವಳು ನೋಡಿದ ನಿಜಕ್ಕೆ ಕೂರೋಕೆ ಒಂದು ಸ್ಟೂಲೂ ಇರಲಿಲ್ಲ. ಹೊರಗೆ ಬಂದವಳಿಗೆ ರಸ್ತೆಯಲ್ಲೇ ಕೂಗಿಕೊಳ್ಳಬೇಕು ಅನ್ನಿಸಿತು.

ಹಿಂತಿರುಗಿ ವಕೀಲನ ಹತ್ತಿರವೇ ಹೋದಳು. ಮೇಜಿಗೆ ಎರಡೂ ಕೈ ಊರಿದಳು.

"ನನ್ನನ್ನ ಕರೀಬೇಡಿ. ನಾನು ಹೇಳ್ಕೊಡೋ ಒಂದೇ ಒಂದು ಪ್ರಶ್ನೆ ಕೇಳಿ. ಕಲೆಯಿಲ್ಲದ ಕಡೆಯ ದಾರ ಎಷ್ಟು ಸಲ ತೊಳೆದ್ರಿ, ಯಾವ ಗುಳೀಲಿ ಇಟ್ರಿ, ಅದನ್ನ ಎಲ್ಲಿ ಬರೆದಿದೀರಿ, ತೋರಿಸಿ ಅನ್ನಿ. ಅಷ್ಟೇ."

ಅಷ್ಟೇ ಆಯಿತು. ಹನ್ನೊಂದು ತಿಂಗಳ ಮೇಲೆ ಸಾಹೇಬರು ಕೋರ್ಟಲ್ಲಿ ನಿಂತಾಗ ವಕೀಲ ಅದನ್ನೇ ಕೇಳಿದ. ಯಾವ ಗುಳಿ? ಸಾಹೇಬರು ಬೆರಳು ನೆಕ್ಕಿ ಪುಸ್ತಕ ತಿರುವಿದರು. ಹಿಂದಕ್ಕೆ ತಿರುವಿದರು. ಮುಂದಕ್ಕೆ ತಿರುವಿದರು. ಗುಳಿಯ ಅಂಕಿ ಅವರು ಬರೆದೇ ಇರಲಿಲ್ಲ. ಎಷ್ಟು ಸಲ ತೊಳೆದ್ರಿ? ಎರಡು ಅಂದರು, ಆಮೇಲೆ ಮೂರು ಅಂದರು. ನ್ಯಾಯಾಧೀಶರಿಗೆ ರೇಗಿತು. ಅಂಗಿಯನ್ನು ಮತ್ತೆ ಪರೀಕ್ಷೆ ಮಾಡಿ, ನಮ್ಮ ಗುಮಾಸ್ತ ಮತ್ತು ವಕೀಲರ ಕಣ್ಣೆದುರಿಗೆ ಮಾಡಿ ಅಂತ ಆಜ್ಞೆಯಾಯಿತು. ಮನುಷ್ಯನದೋ ಪ್ರಾಣಿಯದೋ ನೋಡೋ ಔಷಧ ಎಲ್ಲಿಂದಾದರೂ ತರಿಸಿ ಅಂತಲೂ ಬರೆದರು. ವರ್ಷಕ್ಕೂ ಹೆಚ್ಚು ಕಾಲ ಬಾರದಿದ್ದ ಔಷಧ ಒಂದು ವಾರದಲ್ಲಿ ಬಂತು, ನೋಡಿ.

ಆ ಪರೀಕ್ಷೆಯ ಹಿಂದಿನ ದಿನ ಸಾಹೇಬರು ಅವಳನ್ನು ಒಳಗೆ ಕರೆದರು. ದನಿ ಬೆಣ್ಣೆಯಾಗಿತ್ತು. ನಾಳೆ ನೀನೇ ಮಾಡು, ನಾನು ಪಕ್ಕದಲ್ಲಿ ನಿಂತಿರ್ತೀನಿ, ಕಲೆಯಿಲ್ಲದ ದಾರವನ್ನ ಮಾತ್ರ ಚೆನ್ನಾಗಿ ಸೋಪಲ್ಲಿ ಉಜ್ಜಿ ಇಡು, ಬೆವರು ಹೋಗಲಿ, ನೋಡೋರಿಗೇನು ತಿಳಿಯುತ್ತೆ, ನಿನ್ನ ಕೆಲಸ ಕಾಯಂ ಮಾಡೋಕೆ ಬರೀತೀನಿ ಅಂದರು. ಅವಳು ಟೈಲ್ ತೊಳೆದಿಟ್ಟು ಹೊರಟಳು. ಮನೆಗೆ ಹೋಗಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಕಾಯಂ ಅನ್ನೋ ಮಾತಿಗೆ ಇಪ್ಪತ್ತೆರಡು ವರ್ಷ ಕಾದಿದ್ದಳು. ಗಂಡ ಬಸ್ ಡಿಪೋದಲ್ಲಿ ಬಸ್ಸು ತೊಳೆಯೋನು, ಅವನದೂ ಗುತ್ತಿಗೆಯೇ. ಯೋಚನೆ ಮಾಡು ಅಂದ ಅವನು. ಅತ್ತೆ ಅವಳ ಕಾಲು ನೀವಿದಳು.

ಬೆಳಗ್ಗೆ ಹತ್ತಕ್ಕೆ ಗುಮಾಸ್ತ ಬಂದ. ಕನ್ನಡಕದ, ಸಣಕಲು ಮನುಷ್ಯ, ಎಲ್ಲವನ್ನೂ ಬರೆದುಕೊಳ್ಳೋ ಜಾಯಮಾನ. ವಕೀಲ ಬಂದ. ಇಬ್ಬರಿಗೂ ಸ್ಟೂಲು ಕೊಟ್ಟರು. ಸಾಹೇಬರು ಕೈಗವಸು ಹಾಕಿಕೊಳ್ಳದೆ, ಕೈ ಹಿಂದೆ ಕಟ್ಟಿಕೊಂಡು, "ಶುರು ಮಾಡಮ್ಮ" ಅಂದರು.

ಅವಳು ತೊಟ್ಟಿಯ ಪಕ್ಕದಿಂದ ಅಲ್ಲಾಡಲಿಲ್ಲ.

"ನಾನು ಮಾಡಲ್ಲ ಸಾರ್."

"ಏನು?"

"ನಾನು ತೊಳೆಯೋಳು. ಪುಸ್ತಕದಲ್ಲಿ ಹಾಗೇ ಇದೆ. ಟೈಲ್ ತೊಳೆದು ಇಟ್ಟಿದೀನಿ. ಪರೀಕ್ಷೆ ಮಾಡೋರು ನೀವು."

ಸಾಹೇಬರ ಮುಖ ಕೆಂಪಾಯಿತು. ಗುಮಾಸ್ತ ಅದನ್ನೂ ಬರೆದುಕೊಂಡ. ವಕೀಲ ಮೊದಲನೇ ಸಲ ಅವಳನ್ನು ಸರಿಯಾಗಿ ನೋಡಿದ. ಬೇರೆ ದಾರಿಯಿರಲಿಲ್ಲ. ಸಾಹೇಬರು ಅಂಗಿ ಎಳೆದುಕೊಂಡರು, ಮೂಗು ಮುರಿದರು, ಚಿಮಟ ಹಿಡಿದರು. ಹದಿನೈದು ವರ್ಷದ ನೌಕರಿಯಲ್ಲಿ ಅವರು ದಾರ ಕಿತ್ತಿದ್ದು ಅದೇ ಮೊದಲು ಅಂತ ಅವರ ಕೈಯೇ ಹೇಳುತ್ತಿತ್ತು. ಚಿಮಟ ಬಟ್ಟೆಯ ಮೇಲೆ ಕುಣಿಯಿತು. ದಾರ ಸಿಗಲಿಲ್ಲ. ಸಿಕ್ಕಿದ್ದು ತುಂಡಾಯಿತು. ತುಂಡು ಮೇಜಿನ ಮೇಲೆ ಬಿತ್ತು. ಎತ್ತೋಕೆ ಹೋದರೆ ಚಿಮಟದಿಂದ ಜಾರಿತು. ಬೆವರು ಹಣೆಯಿಂದ ಇಳಿಯಿತು. ಕೊನೆಗೆ ಚಿಮಟವನ್ನು ಬದಿಗಿಟ್ಟು, ತೋರುಬೆರಳನ್ನು ಬಾಯಿಗಿಟ್ಟು ಚೆನ್ನಾಗಿ ಒದ್ದೆ ಮಾಡಿ, ದಾರವನ್ನು ಬೆರಳಿಗೆ ಅಂಟಿಸಿ ಎತ್ತಿದರು.

ಬೇಡ ಸಾರ್ ಅನ್ನೋ ಮಾತು ಟೈಲಕ್ಕನ ನಾಲಿಗೆ ತುದಿಗೆ ಬಂತು. ಇಪ್ಪತ್ತೆರಡು ವರ್ಷದ ಅಭ್ಯಾಸ ಅದು, ಕೆಲಸ ಕೆಡಬಾರದು ಅನ್ನೋ ಅಭ್ಯಾಸ. ಆದರೆ 'ನೀನು ಯಾರು' ಅಂದಿದ್ದೂ ಅದೇ ಬಾಯಿ. ಅವಳು ಮಾತು ನುಂಗಿಕೊಂಡು ನಲ್ಲಿ ತಿರುಗಿಸಿದಳು. ಸಾಹೇಬರಿಗೆ ಈಗ ಉಪಾಯ ಸಿಕ್ಕಿತ್ತು. ಪ್ರತಿ ದಾರಕ್ಕೂ ಒಂದು ಸಲ ಬೆರಳು ನೆಕ್ಕಿದರು. ಕಲೆಯ ದಾರ ಐದು, ಕಲೆಯಿಲ್ಲದ ದಾರ ಐದು. ಪ್ರತಿ ಸಾಲಿನ ಕೊನೇ ಗುಳಿಯನ್ನು ರೂಢಿಯಂತೆ ಖಾಲಿ ಬಿಟ್ಟು ಬರೀ ಔಷಧ ಹಾಕಿದರು. ಗುಮಾಸ್ತ ಫ್ರಿಜ್ಜಿಗೆ ಅರಗು ಒತ್ತಿ ಹೋದ.

ಮಾರನೇ ದಿನ ಅವರಿಬ್ಬರ ಮುಂದೆಯೇ ದಾರ ತೊಳೆದು, ಬಿಸಿ ಕೊಟ್ಟು, ಮಧ್ಯಾಹ್ನ ಟೈಲ್ ಅಲ್ಲಾಡಿಸಿದಾಗ ಸಾಹೇಬರ ಕೈ ನಿಂತುಹೋಯಿತು.

ಹಳದಿ ಸಾಲಿನಲ್ಲಿ ಎಲ್ಲ ದಾರವೂ ಗಂಟು. ಕಲೆಯಿದ್ದಲ್ಲೂ ಬಿ, ಕಲೆಯಿಲ್ಲದಲ್ಲೂ ಬಿ. ಅದು ಅವರಿಗೆ ಮೊದಲೇ ಗೊತ್ತಿತ್ತು. ಆದರೆ ನೀಲಿ ಸಾಲಿನಲ್ಲೂ ಎಲ್ಲ ದಾರವೂ ಗಂಟು ಕಟ್ಟಿತ್ತು. ಎ. ಸತ್ತವನು ಬಿ, ಜೈಲಲ್ಲಿರೋನು ಬಿ. ಈ ಎ ಯಾರು ಅಂತ ವಕೀಲ ಸ್ಟೂಲಿಂದ ಎದ್ದ.

"ಇವಳು ಟೈಲ್ ಸರಿಯಾಗಿ ತೊಳೆದಿಲ್ಲ," ಅಂದರು ಸಾಹೇಬರು. "ಹಳೇ ರಕ್ತ ಉಳಿದಿದೆ. ಇವಳ ಹಣೆಬರಹವೇ ಇಷ್ಟು. ಬರ್ಕೊಳ್ಳಿ."

ಗುಮಾಸ್ತ ಬರೆಯೋಕೆ ಲೇಖನಿ ಎತ್ತಿದ. ಟೈಲಕ್ಕನಿಗೆ ಪಿತ್ತ ನೆತ್ತಿಗೇರಿತು. ಕೈ ಸೆರಗಲ್ಲಿ ಒರೆಸಿಕೊಂಡು ಮೇಜಿನ ಬಳಿ ಬಂದಳು. ಎರಡು ಸಾಲಿನ ಕೊನೇ ಗುಳಿಗಳನ್ನು ತೋರಿಸಿದಳು. ದಾರವಿಲ್ಲದ, ಬರೀ ಔಷಧದ ಗುಳಿಗಳು. ಅವುಗಳಲ್ಲಿ ಒಂದು ಗಂಟೂ ಇರಲಿಲ್ಲ, ಕಣಗಳು ನೀರಾಗಿ ಹರಡಿಕೊಂಡಿದ್ದವು.

"ಟೈಲ್ ಕೊಳಕಾಗಿದ್ರೆ ಇಲ್ಲೂ ಬರಬೇಕಿತ್ತು. ಬಂದಿಲ್ಲ. ಎ ಬಂದಿರೋದು ದಾರದ ಜೊತೆ. ಆ ದಾರ ಎತ್ತಿದ ಬೆರಳು ಮೊನ್ನೆ ಬಾಯೊಳಗಿತ್ತು."

"ಮೊನ್ನೆ ಅಲ್ಲ, ನಿನ್ನೆ," ಅಂದ ಗುಮಾಸ್ತ. ಪುಸ್ತಕ ನೋಡಿ, "ಹತ್ತು ಸಲ" ಅಂದ. ಪುಣ್ಯಾತ್ಮ ಅದನ್ನೂ ಬರೆದುಕೊಂಡಿದ್ದ.

"ನಿನ್ನೇನೇ ಇರಲಿ. ಸಾಹೇಬ್ರ ಕತ್ತಲ್ಲಿರೋ ಕಾರ್ಡ್ ಓದಿ."

ಸಾಹೇಬರ ಅಂಗೈ ಎದೆ ಮೇಲಿನ ಕಾರ್ಡಿಗೆ ಹೋಯಿತು. ತಡವಾಗಿತ್ತು. ಗುಮಾಸ್ತ ಕನ್ನಡಕ ಏರಿಸಿ ಬಗ್ಗಿ ನೋಡಿ ಆಗಿತ್ತು. ಕೆಂಪಕ್ಷರದಲ್ಲಿ ಎ ಅಂತಲೇ ಇತ್ತು.

"ಇದು ನಿಮ್ಮ ಎಂಜಲು ಸಾರ್," ಅಂದಳು ಟೈಲಕ್ಕ. "ಒಬ್ಬ ಮನುಷ್ಯನ ಜೀವ ಇರೋ ದಾರದ ಮೇಲೆ ನಿಮ್ಮ ಎಂಜಲು. ಇಷ್ಟು ವರ್ಷ ನನ್ನ ಲೋಟ ಶೌಚಾಲಯದಲ್ಲಿತ್ತು. ನನ್ನ ಕೈಯಲ್ಲಿ ಒಂದೇ ಒಂದು ದಾರ ಎಂಜಲಾಗಿದ್ರೆ ತೋರಿಸಿ."

ಗುಮಾಸ್ತ ಕೆಮ್ಮಿ, ಇದು ಲೆಕ್ಕಕ್ಕಿಲ್ಲ, ಮತ್ತೆ ಸರಿಯಾಗಿ ಮಾಡಬೇಕಲ್ಲ ಅಂದ. ಮೂವರೂ ಅವಳ ಕಡೆ ನೋಡಿದರು. ಸಾಹೇಬರೂ ನೋಡಿದರು.

"ಮಾಡ್ತೀನಿ," ಅಂದಳು. "ಮೊದಲು ಪುಸ್ತಕದಲ್ಲಿ ಬರೀರಿ. ಪರೀಕ್ಷೆ ಮಾಡಿದವರು ಅನ್ನೋ ಕಡೆ."

ಸಾಹೇಬರು ಪುಸ್ತಕ ಎಳೆದುಕೊಂಡು ಪುಟ ತಿರುವೋಕೆ ಹೋದರು. ಬೆರಳು ತಾನಾಗಿ ನಾಲಿಗೆಯ ಕಡೆ ಹೋಯಿತು. ನಡುದಾರಿಯಲ್ಲಿ ನಿಂತಿತು. ಎಲ್ಲರೂ ಆ ಬೆರಳನ್ನೇ ನೋಡುತ್ತಿದ್ದರು. ಗುಮಾಸ್ತ ಮೆಲ್ಲಗೆ ಪುಸ್ತಕವನ್ನು ಈಚೆ ಎಳೆದುಕೊಂಡು, ಅಮ್ಮಾ, ಹೆಸರು ಅಂದ. ಅವಳು ಹೇಳಿದಳು. ಆ ಕಟ್ಟಡದಲ್ಲಿ ಅದನ್ನು ಕೇಳಿದವರು ಯಾರೂ ಇರಲಿಲ್ಲ, ಅದಕ್ಕೇ ಎರಡು ಸಲ ಹೇಳಬೇಕಾಯಿತು. ಬರೆದ. ಅವಳು ಗುಮಾಸ್ತನ ಖಾಲಿ ಸ್ಟೂಲನ್ನು ಮೇಜಿನ ಬಳಿ ಎಳೆದುಕೊಂಡು ಕೂತಳು. ಕಾಲು ಬಹಳ ನೋಯುತ್ತಿತ್ತು.

ಮೂರು ದಿನ ಹಿಡಿಯಿತು. ಅಂಗಿಯ ಯಾವ ಮೂಲೆಯ ದಾರ ತೆಗೆದರೂ ಬಿ. ಇಡೀ ಅಂಗಿ ಹೊತ್ತವನ ಬೆವರು. ಕಲೆಗೆ ಹೊಸ ಔಷಧ ಹಾಕಿ ನೋಡಿದರೆ ಮನುಷ್ಯನ ರಕ್ತವೇ ಅಲ್ಲ. ಅವನ ತಂಗಿ ಮೊದಲ ದಿನದಿಂದ ಹೇಳಿದ್ದೂ ಅದನ್ನೇ.

ಆಮೇಲೆ ಏನಾಯಿತು ಅಂತ ಕೇಳ್ತೀರಿ. ಎಲ್ಲ ನೆಟ್ಟಗಾಯಿತು ಅಂತ ಹೇಳೋಕೆ ನನಗೂ ಆಸೆ. ಆಳು ಹೊರಗೆ ಬರೋಕೆ ಇನ್ನೂ ಎರಡು ತಿಂಗಳಾಯಿತು. ಒಟ್ಟು ಹದಿನಾಲ್ಕು ತಿಂಗಳು ಒಳಗಿದ್ದ. ತಪ್ಪಾಯಿತು ಅಂತ ಒಬ್ಬನೂ ಅನ್ನಲಿಲ್ಲ. ಅಣ್ಣ ತಂಗಿ ಇಬ್ಬರೂ ಟೈಲಕ್ಕನ ಮನೆಗೆ ಬಂದು ಬಹಳ ಹೊತ್ತು ಕೂತಿದ್ದರು, ಅತ್ತೆಯೇ ಮಾತಾಡಿದಳು. ಸಾಹೇಬರಿಗೆ ವರ್ಗವಾಗಲಿಲ್ಲ, ಶಿಕ್ಷೆಯಾಗಲಿಲ್ಲ, ಕೋಣೆಗೆ ಹೊಸ ಪರದೆ ಬಂತು. ಟೈಲಕ್ಕನಿಗೆ ಗುತ್ತಿಗೆ ಮುಗಿದಿದೆ, ಒಂದನೇ ತಾರೀಖಿನಿಂದ ಬರಬೇಡ ಅಂದರು. ಅವಳು ಕಿಟಕಿಯಿಂದ ತನ್ನ ಲೋಟ ತಗೊಂಡು ಬಂದಳು. ಅಲ್ಲಿ ಹಿಂದೆ ಉಳಿದಿದ್ದು ಇಪ್ಪತ್ತೆರಡು ವರ್ಷದ ಪರೀಕ್ಷೆ ಪುಸ್ತಕಗಳು, ಅವುಗಳಲ್ಲಿ ಅವಳ ಹೆಸರಿರೋ ಒಂದೇ ಒಂದು ಸಾಲು.

ಎರಡು ತಿಂಗಳು ಕಳೆದಿರಲಿಲ್ಲ, ಪ್ರಯೋಗಾಲಯದ ಜೀಪು ಅವಳ ಬಾಗಿಲಿಗೆ ಬಂತು. ಡ್ರೈವರು ತಲೆ ತಗ್ಗಿಸಿ ನಿಂತ. ಪೊಟ್ಟಣಗಳು ಕಿಟಕಿ ಮುಟ್ಟಿವೆ ಅಕ್ಕ, ಯಾರಿಗೂ ಕೈ ಹತ್ತುತ್ತಿಲ್ಲ, ಎಲ್ಲ ಕೋರ್ಟಿಂದಲೂ ಬೈಗುಳ, ಮೊದಲಿನ ಹಾಗೇ ಬರಬೇಕಂತೆ ಅಂದ.

ಟೈಲಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಏಳಲಿಲ್ಲ.

"ಮೊದಲಿನ ಹಾಗೇ ಅಂದ್ರೆ? ಪುಸ್ತಕದಲ್ಲಿ ಹೆಸರು ಬರೀತಾರಂತಾ?"

ಡ್ರೈವರು ಅದನ್ನು ಹೇಳಿಲ್ಲ ಅಂದ. ಸ್ಟೂಲಿನ ವಿಷಯವೂ ಹೇಳಿಲ್ಲ ಅಂದ. ಒಳಗಿಂದ ಅತ್ತೆ ಕ್ಯಾಕರಿಸಿ ಉಗಿದಳು.

"ಹಾಗಾದ್ರೆ ಹೋಗಿ ಹೇಳಪ್ಪ," ಅಂದಳು ಟೈಲಕ್ಕ. "ಅವರ ಹತ್ರ ಬೆರಳಿದೆ, ನಾಲಿಗೆ ಇದೆ. ನೆಕ್ಕೊಂಡು ಅವರೇ ಮಾಡ್ಲಿ."